ಅರ್ಧ ಮಾತ್ರೆ ತಡ

ಅಂಗೈಯಷ್ಟಗಲದ ಒಂದು ಗಾಜಿನ ಕಿಟಕಿ, ಅದರೊಳಗೆ ಹಸಿರು ಬೆಳಕಿನ ಒಂದು ಅಂಕಿ. ಪಾದದ ತುದಿ ಬಾಗಿದರೆ ಆ ಅಂಕಿ ಹನ್ನೆರಡು, ಮೂವತ್ತು, ಎಪ್ಪತ್ತು ಎಂದು ಏರುತ್ತಿತ್ತು. ಹಿಮ್ಮಡಿ ಒತ್ತಿದರೆ ಇಳಿಯುತ್ತ ಬಂದು ಸೊನ್ನೆಯಲ್ಲಿ ನಿಲ್ಲುತ್ತಿತ್ತು. ಜೀವರತ್ನ ಮಾಸ್ಟ್ರನ್ನು ನೆನೆದಾಗಲೆಲ್ಲ ನನಗೆ ಅವರ ಮುಖಕ್ಕಿಂತ ಮೊದಲು ಕಾಣುವುದು ಆ ಅಂಕಿ. ಆಮೇಲೆ ಅದರ ಮೇಲೆ ಬಗ್ಗಿದ ಅವರ ಬೋಳು ನೆತ್ತಿ.

ನಾವಿಬ್ಬರೂ ಚೈತ್ರಪಲ್ಲವ ಎಂಬ ವಾದ್ಯವೃಂದದಲ್ಲಿದ್ದೆವು. ಅವರದು ಗಿಟಾರು, ನನ್ನದು ಬಾಯಿ. ಬಿ.ಎ. ಮುಗಿಸಿದ ನನಗೆ ಸಿಕ್ಕಿದ್ದ ಉದ್ಯೋಗವೆಂದರೆ ಎರಡು ಹಾಡುಗಳ ನಡುವೆ ನಿಂತು ಕುಕ್ಕರು, ಕೋಳಿ, ಘಟ್ಟ ಹತ್ತುವ ಹಳೇ ಬಸ್ಸು, ಫೋನಿನಲ್ಲಿ ಸಾಹೇಬರಿಗೆ ಹಲ್ಲುಗಿಂಜುವ ಗುಮಾಸ್ತ ಮುಂತಾದವರ ದನಿ ತೆಗೆಯುವುದು. ನಡುನಡುವೆ ಶ್ಲೇಷೆ ಹೊಡೆಯುವುದು ಸಂಬಳದಾಚೆಯ ಸೇವೆ. ವೃಂದದ ಯಜಮಾನ ಪುಟ್ಟಸ್ವಾಮಣ್ಣ ನನ್ನನ್ನು “ಏನ್ ಬಿ.ಎ.?” ಎಂದೇ ಕರೆಯುತ್ತಿದ್ದ. ಮಾಸ್ಟ್ರು ಮಾತ್ರ “ಗಿಳಿ” ಎನ್ನುತ್ತಿದ್ದರು. ಅದರಲ್ಲಿ ಅಕ್ಕರೆಯಿತ್ತೋ, ಹೇಳಿದ್ದನ್ನೇ ಹೇಳುವವನು ಎಂಬ ಹಗುರ ಮೂದಲಿಕೆಯಿತ್ತೋ, ಅಂದು ನಾನು ಕೇಳಿಕೊಳ್ಳಲಿಲ್ಲ.

ಅವರ ಮುಂದೆ ನೆಲದ ಮೇಲೆ, ಆ ಹಸಿರು ಅಂಕಿಯಿದ್ದ ಪೆಟ್ಟಿಗೆ, ಒಂದು ಪ್ರೊಸೆಸರ್ ಇರುತ್ತಿತ್ತು. ಗಿಟಾರಿನ ಸದ್ದು ಮೊದಲು ಅದರೊಳಗೆ ಹೋಗಿ, ಬೇರೆ ಬೇರೆ ವೇಷ ಹಾಕಿಕೊಂಡು ಹೊರಬರುತ್ತಿತ್ತು. ಆ ಲೆಕ್ಕದಲ್ಲಿ ಅದೂ ನನ್ನ ಕುಲಬಾಂಧವನೇ. ಅದಕ್ಕೆ ಎರಡು ಪೆಡಲುಗಳಿದ್ದವು. ಪೆಟ್ಟಿಗೆಗೆ ಅಂಟಿಕೊಂಡಿದ್ದದ್ದು ಎಕ್ಸ್‌ಪ್ರೆಶನ್ ಪೆಡಲು, ವೈರಿನಲ್ಲಿ ಸಿಕ್ಕಿಸಿದ್ದು ವಾಲ್ಯೂಮ್ ಪೆಡಲು. “ವಾಲ್ಯೂಮು ಎಷ್ಟು ಮಾತಾಡ್ಬೇಕು ಅನ್ನುತ್ತೆ, ಎಕ್ಸ್‌ಪ್ರೆಶನ್ನು ಯಾವ ದನೀಲಿ ಮಾತಾಡ್ಬೇಕು ಅನ್ನುತ್ತೆ,” ಎಂದು ಮಾಸ್ಟ್ರು ಒಮ್ಮೆ ನನಗೆ ವಿವರಿಸಿದ್ದರು. ಅವರ ಹೆಚ್ಚುಗಾರಿಕೆ ಇದ್ದದ್ದು ವಾಲ್ಯೂಮ್ ಪೆಡಲಿನಲ್ಲಿ. ಅದನ್ನು ಸೊನ್ನೆಗಿಟ್ಟು ತಂತಿ ಮೀಟುತ್ತಿದ್ದರು. ಮೀಟಿದ ಏಟು ಯಾರಿಗೂ ಕೇಳಿಸದು. ಮರುಕ್ಷಣವೇ ಪಾದ ಬಾಗುತ್ತಿತ್ತು, ಸ್ವರ ಎಲ್ಲಿಂದ ಹುಟ್ಟಿತೆಂದು ತಿಳಿಯದಂತೆ ಏರಿ ಬರುತ್ತಿತ್ತು, ಪಿಟೀಲಿನ ಹಾಗೆ, ಅಥವಾ ನಿದ್ದೆಯಲ್ಲಿರುವ ಮಗುವಿನ ಉಸಿರಿನ ಹಾಗೆ. ಗಾಯಕಿ ಭಾಗೀರಥಿ ಚರಣ ಎತ್ತುವ ಮುನ್ನ ಆ ಸ್ವರ ಅವಳ ಬೆನ್ನಿಗೆ ಬಂದು ನಿಲ್ಲಬೇಕು. ಅದು ಬಾರದೆ ಅವಳು ಬಾಯಿ ತೆರೆಯುತ್ತಿರಲಿಲ್ಲ.

ಎಷ್ಟು ದೊಡ್ಡ ವೇದಿಕೆಯಾದರೂ ಮಾಸ್ಟ್ರು ಚಪ್ಪಲಿ ಬಿಟ್ಟು, ಪೆಡಲನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಿನಲ್ಲೇ ಅದರ ಮೇಲೆ ನಿಲ್ಲುತ್ತಿದ್ದರು. ಅವರ ತಂದೆ ಚರ್ಚಿನಲ್ಲಿ ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ ನುಡಿಸುತ್ತಿದ್ದವರಂತೆ. ಆತ ಭಾನುವಾರದ ಬೂಟನ್ನು ಬಾಗಿಲಲ್ಲಿ ಕಳಚಿ, ಬರಿಗಾಲಿನಲ್ಲಿ ತಿದಿಯೊತ್ತುತ್ತಿದ್ದರಂತೆ. “ತುಳಿಯೋ ವಾದ್ಯ ಅಂತ ತುಳಿಯೋಕಾಗುತ್ತೇನೋ? ಕೈ ಮಾತಾಡುತ್ತೆ, ಕಾಲು ಉಸಿರಾಡುತ್ತೆ. ಬೂಟು ಹಾಕ್ಕೊಂಡು ಯಾರಾದ್ರೂ ಉಸಿರಾಡ್ತಾರಾ?” ಎನ್ನುತ್ತಿದ್ದರು. ಈಚೆಗೆ ಬಂದ ಹೊಸ ಗಿಟಾರಿನವರೆಲ್ಲ ದಪ್ಪ ಬೂಟಿನಲ್ಲಿ ಪೆಡಲು ಒದೆಯುವುದನ್ನು ಕಂಡರೆ ಅವರು ಮುಖ ತಿರುಗಿಸುತ್ತಿದ್ದರು.

ನಾನು ಸೇರಿದ ಎರಡು ವರ್ಷಗಳಲ್ಲಿ ಅವರಲ್ಲಿ ಒಂದು ಅಭ್ಯಾಸ ಬೆಳೆದಿತ್ತು. ನುಡಿಸುವಾಗ ಕತ್ತು ಬಗ್ಗಿಸಿ ಆ ಹಸಿರು ಅಂಕಿಯನ್ನೇ ನೋಡುತ್ತಿದ್ದರು. ಸಭಿಕರತ್ತ ನೋಟವಿಲ್ಲ, ಭಾಗೀರಥಿಯತ್ತಲೂ ಇಲ್ಲ. ಇಂಥ ಕಣ್ಣಿಗೆ ಹೊಡೆಯುವ ಭಂಗಿ ನನ್ನಂಥವನಿಗೆ ಹಬ್ಬದೂಟ. ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ, ನಡುಮಧ್ಯಾಹ್ನ, ಎದುರಿಗೆ ಕುರ್ಚಿಗಳ ಮೇಲೆ ಹತ್ತಿ ನಿಂತ ಆರುನೂರು ಹುಡುಗ ಹುಡುಗಿಯರು. ನಾನು ಒಂದು ಪೊರಕೆಯನ್ನು ಗಿಟಾರಿನಂತೆ ಹಿಡಿದು, ಚಪ್ಪಲಿ ಬಿಟ್ಟು, ನೆಲದತ್ತ ಬಗ್ಗಿ ಮಾಸ್ಟ್ರ ದನಿ ತೆಗೆದೆ: “ಗಿಳೀ, ಇಲ್ಲೆಲ್ಲೋ ನನ್ನ ಗುಂಡುಪಿನ್ನು ಬಿತ್ತು ಕಣೋ... ಹನ್ನೆರಡು... ಮೂವತ್ತು... ಸಿಗ್ತಾ ಇಲ್ವಲ್ಲೋ...” ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. “ಬೇರೆಯವರದು ವಾಲ್ಯೂಮ್ ಸಾರ್, ನಮ್ಮ ಮಾಸ್ಟ್ರದು ಕಾಲ್ಯೂಮ್!” ಎಂದು ಒಗ್ಗರಣೆಯನ್ನೂ ಹಾಕಿದೆ. ಪಕ್ಕದಲ್ಲೇ ನಿಂತಿದ್ದ ಮಾಸ್ಟ್ರು ತಾವೂ ನಕ್ಕು, ಎಕ್ಸ್‌ಪ್ರೆಶನ್ ಪೆಡಲನ್ನು ಒತ್ತಿ, ಗಿಟಾರಿನಿಂದ ಮಗು ಅಳುವಂಥ ಒಂದು “ಕುಂಯ್ಯಾ” ತೆಗೆದರು. ನಗು ಇಮ್ಮಡಿಯಾಯಿತು.

ಅಂದಿನಿಂದ ಅವರು ಕೆಳಗೆ ನೋಡುವುದನ್ನು ಬಿಟ್ಟರು.

ಒಳ್ಳೆಯ ವಿದೂಷಕ ಲೋಕವನ್ನು ತಿದ್ದುತ್ತಾನೆಂದು ಕಾಲೇಜಿನಲ್ಲಿ ಓದಿದ್ದೆನಲ್ಲ, ನಾನು ಮಾಸ್ಟ್ರನ್ನು ತಿದ್ದಿದೆನೆಂದು ಬೀಗಿದೆ. ಅವರು ಈಗ ಎದೆಯೆತ್ತಿ, ಸಭಿಕರ ತಲೆಯ ಮೇಲಿನ ಯಾವುದೋ ಗಾಳಿಯನ್ನು ನೋಡುತ್ತ ನುಡಿಸುತ್ತಿದ್ದರು. ನೋಟಕ್ಕೇನೋ ಚೆನ್ನಾಗಿತ್ತು. ಆದರೆ ಮೂರನೆಯ ಕಾರ್ಯಕ್ರಮದಲ್ಲಿ ಗಿಟಾರಿನ ಸದ್ದು ಒಮ್ಮೆಲೇ ಎದ್ದು ಭಾಗೀರಥಿಯ ದನಿಯನ್ನು ಮುಚ್ಚಿತು. ನಾಲ್ಕನೆಯದರಲ್ಲಿ ಅವಳು ಚರಣ ಎತ್ತಿದ ಮೇಲೆ ಅದು ಮುಗಿಯುವವರೆಗೂ ಗಿಟಾರೇ ಕೇಳಿಸಲಿಲ್ಲ. ಮಾಸ್ಟ್ರ ಬೆರಳು ಓಡುತ್ತಿತ್ತು, ಪೆಡಲು ಸೊನ್ನೆಯಲ್ಲಿತ್ತು. ಪುಟ್ಟಸ್ವಾಮಣ್ಣ ನನ್ನನ್ನು ವ್ಯಾನಿನ ಹಿಂದಕ್ಕೆ ಕರೆದ.

“ಏನ್ ಬಿ.ಎ., ನಿಮ್ಮ ಮಾಸ್ಟ್ರಿಗೆ ಏನಾಗಿದೆ? ಕುಡೀತಾರಾ?”

“ಏ, ಇಲ್ಲಣ್ಣ. ಟೀಗೆ ಸಕ್ಕರೇನೂ ಹಾಕ್ಕೊಳಲ್ಲ.”

“ನೋಡಪ್ಪಾ, ಕೀಬೋರ್ಡಿನ ಹುಡುಗ ಒಬ್ಬ ಸಿಕ್ಕವ್ನೆ. ಗಿಟಾರು, ಪಿಟೀಲು, ಶಹನಾಯಿ ಎಲ್ಲಾ ಒಂದೇ ಗುಂಡಿ ಒತ್ತಿ ಕೊಡ್ತಾನೆ. ನಾನು ಮಾಸ್ಟ್ರ ಮುಖ ನೋಡಿ ಸುಮ್ನಿದೀನಿ. ಇನ್ನೊಂದ್ ಸಲ ಹಿಂಗಾದ್ರೆ ಮುಖಾನೂ ನೋಡಲ್ಲ.”

ಈ ಮಾತನ್ನು ಮಾಸ್ಟ್ರಿಗೆ ತಲುಪಿಸುವ ಧೈರ್ಯ ನನಗಾಗಲಿಲ್ಲ. ಆದರೆ ಅದು ಅವರಿಗೆ ಹೇಗೋ ತಲುಪಿತ್ತು.

ಮುಂದಿನದು ಒಬ್ಬ ಹಿರಿಯರ ಅರವತ್ತರ ಶಾಂತಿಯ ಕಾರ್ಯಕ್ರಮ. ಬೆಳಗಿನ ಹೊತ್ತು, ವೇದಿಕೆಗೆಲ್ಲ ಬಿಳಿಯ ಹೊದಿಕೆ ಹಾಸಿದ್ದರು. ಮಾಸ್ಟ್ರು ಎರಡು ಗಂಟೆ ನಿಂತು ನುಡಿಸಿದರು, ಒಮ್ಮೆಯೂ ಬಗ್ಗಿ ನೋಡಲಿಲ್ಲ. ಎಲ್ಲ ಮುಗಿದು ವೈರು ಸುತ್ತುವಾಗ ನನ್ನ ಕಣ್ಣಿಗೆ ಆ ಹೊದಿಕೆಯ ಮೇಲೆ ಹೆಜ್ಜೆಗಳು ಬಿದ್ದವು. ಬಲಗಾಲಿನದು ಮಾತ್ರ, ಕೆಂಪಗೆ, ಪೆಡಲಿನಿಂದ ಮೆಟ್ಟಿಲಿನವರೆಗೆ ಸಾಲಾಗಿ.

“ಏನ್ ಮಾಸ್ಟ್ರೇ, ಹೊಸ ಸೊಸೆ ಮನೆ ತುಂಬಿದ ಹಾಗಿದೆ! ಓಕುಳಿ ತಟ್ಟೇಲಿ ಕಾಲಿಟ್ರಾ?” ಎಂದೆ.

“ಎಲ್ಲೋ?” ಎಂದು ಅವರು ಸಹಜವಾಗಿ ತಿರುಗಿದರು. ಹೆಜ್ಜೆಗಳನ್ನು ನೋಡಿದರು. ಆಮೇಲೆ, ಬೇರೆ ಯಾರದೋ ವಸ್ತುವನ್ನು ಎತ್ತುವವರಂತೆ, ತಮ್ಮ ಬಲಗಾಲನ್ನು ಎತ್ತಿ ನೋಡಿದರು.

ಪೆಡಲಿನ ಮೇಲಿನ ರಬ್ಬರು ಎದ್ದುಹೋಗಿ, ಅದರ ಕೆಳಗಿನ ಸ್ಕ್ರೂ ಒಂದು ತಲೆಯೆತ್ತಿತ್ತು. ಎರಡು ಗಂಟೆಯ ಕಾಲ ಅದು ಅವರ ಪಾದವನ್ನು ಕೊರೆದಿತ್ತು. ಅವರ ಮುಖದಲ್ಲಿ ನೋವು ಇರಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಕಳೆಯಿತ್ತು. ನನ್ನ ಬಾಯಲ್ಲಿ ಮುಂದಿನ ಹಾಸ್ಯ ಸಿದ್ಧವಾಗಿತ್ತು. ಅದು ಅಲ್ಲೇ ಒಣಗಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹತ್ತಿಯ ಎಳೆಯಿಂದ ಪಾದವನ್ನು ಅಲ್ಲಲ್ಲಿ ಸವರುತ್ತ, “ಗೊತ್ತಾಗುತ್ತಾ? ಇಲ್ಲಿ? ಇಲ್ಲಿ?” ಎಂದು ಕೇಳುತ್ತ ಹೋದರು. ಮಾಸ್ಟ್ರು ಕಣ್ಣು ಮುಚ್ಚಿ ಕುಳಿತಿದ್ದರು. ಯಾವುದಕ್ಕೂ ಹೂಂ ಎನ್ನಲಿಲ್ಲ. ಸಕ್ಕರೆ ಕಾಯಿಲೆ ಎಂಟು ವರ್ಷದ್ದು, ಕಾಲು ಜೋಮು ಹಿಡಿದು ಎರಡು ವರ್ಷ. ಆರು ವಾರ ಆ ಕಾಲಿನ ಮೇಲೆ ಭಾರ ಬೀಳಕೂಡದು, ಗಾಯ ಕೀವಾದರೆ ಬೆರಳು ಹೋಗುತ್ತದೆ, ಇನ್ನೂ ಮೇಲಕ್ಕೂ ಹೋಗಬಹುದು ಎಂದರು ಡಾಕ್ಟರು.

“ಇಷ್ಟು ದಿನ ಈ ಕಾಲಿಟ್ಕೊಂಡು ಹೇಗೆ ನುಡಿಸ್ತಿದ್ರಿ?”

“ಮೊದ್ಲು ನೋಡ್ಕೋತಿದ್ದೆ ಡಾಕ್ಟ್ರೇ. ಕಾಲು ಎಲ್ಲಿದೆ, ಎಷ್ಟು ಬಗ್ಗಿದೆ ಅಂತ ಒಂದು ಅಂಕಿ ತೋರಿಸುತ್ತೆ. ಅದನ್ನ ನೋಡ್ಕೊಂಡು ನುಡಿಸ್ತಿದ್ದೆ.” ಅವರು ಕಣ್ಣು ತೆರೆದರು. “ಈಚೆಗೆ ಕೆಳಗೆ ನೋಡೋದು ಬಿಟ್ಟೆ.”

ಅವರು ನನ್ನತ್ತ ತಿರುಗಲಿಲ್ಲ. ತಿರುಗಿದ್ದರೆ ಒಳ್ಳೆಯದಿತ್ತು. ನಾನು ಗೋಡೆಗಂಟಿಸಿದ್ದ ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು, ದೊಡ್ಡದರಿಂದ ಸಣ್ಣದಕ್ಕೆ, ಓದುತ್ತ ನಿಂತೆ.

ಒಂದು ವಾರಕ್ಕೆ ಸರಿಯಾಗಿ ಪಕ್ಕದೂರಿನಲ್ಲಿ ಒಂದು ಮದುವೆಗೆ ಒಪ್ಪಿಕೊಂಡಿದ್ದೆವು. ಮಾಸ್ಟ್ರು ಬರಲಾಗದಿದ್ದರೆ ಕೀಬೋರ್ಡಿನ ಹುಡುಗ ಬರುತ್ತಾನೆ, ಬಂದವನು ಹೋಗುವುದಿಲ್ಲ. ಇದು ನಮ್ಮಿಬ್ಬರಿಗೂ ಗೊತ್ತಿತ್ತು.

“ಬಿಟ್ಬಿಡಿ ಮಾಸ್ಟ್ರೇ, ಕಾಲು ಮುಖ್ಯ,” ಎಂದೆ.

“ಹೌದೋ. ಆದ್ರೆ ನೋಡು ಗಿಳಿ, ಈಗ ನಾನು ಸಕ್ಕರೆ ಕಾಯಿಲೆ ಇರೋ ಗಿಟಾರಿನೋನು. ಮನೇಲಿ ಕೂತ್ರೆ ಬರೀ ಸಕ್ಕರೆ ಕಾಯಿಲೆಯೋನು.”

“ಎಡಗಾಲಲ್ಲಿ ಒತ್ತೋಕಾಗಲ್ವಾ?”

“ಅದೂ ಹಾಗೇ ಕಣೋ. ಸ್ವಲ್ಪ ಕಡಿಮೆ, ಅಷ್ಟೆ.”

ಆಗ ನನ್ನ ಬಾಯಿಂದ ಮಾತು ಬಂತು: “ನನ್ನ ಕಾಲು ಇದೆಯಲ್ಲ ಮಾಸ್ಟ್ರೇ.”

ಅವರು ನಕ್ಕರು. ಆಮೇಲೆ ನಗುವುದನ್ನು ನಿಲ್ಲಿಸಿ ನನ್ನ ಕಾಲನ್ನು ನೋಡಿದರು.

ಮೂರು ಮಧ್ಯಾಹ್ನ ಅವರ ಮನೆಯ ಪಡಸಾಲೆಯಲ್ಲಿ ಪಾಠ ನಡೆಯಿತು. ಸ್ಪೀಕರು, ಆಂಪ್ಲಿಫೈಯರೆಲ್ಲ ಪುಟ್ಟಸ್ವಾಮಣ್ಣನ ಗೋದಾಮಿನಲ್ಲಿದ್ದುದರಿಂದ ಅದು ಸದ್ದಿಲ್ಲದ ಪಾಠ. ಸ್ಕ್ರೂ ಬಿಗಿ ಮಾಡಿ, ಹೊಸ ರಬ್ಬರು ಅಂಟಿಸಿದ ಪೆಡಲಿನ ಮೇಲೆ ನಾನು ಬರಿಗಾಲಿಟ್ಟು ಕೂರುತ್ತಿದ್ದೆ. ಮಾಸ್ಟ್ರು ಬಾಯಿಯಲ್ಲಿ ರಾಗ ಹಾಡುತ್ತ, ಅಂಗೈಯನ್ನು ನನ್ನ ಮಂಡಿಯ ಮೇಲಿಟ್ಟು ಒತ್ತುತ್ತ, ಸಡಿಲಿಸುತ್ತ ದಾರಿ ತೋರುತ್ತಿದ್ದರು. “ಮೀಟಿದ ತಕ್ಷಣ ಬಗ್ಗಬೇಕು. ಯೋಚ್ನೆ ಮಾಡಿದ್ಯೋ, ಸ್ವರ ಸತ್ತುಹೋಯ್ತು. ಹಾಂ, ಈಗ ಹಿಮ್ಮಡಿ. ಸದ್ದು ಮುಚ್ಚಿದ್ರೂ ಪ್ರತಿಧ್ವನಿ ಉಳಿಯುತ್ತೆ, ಹಾಗೆ ಇಟ್ಟಿದೀನಿ. ಅದು ಪೂರ್ತಿ ಆರೋವರೆಗೆ ಮುಂದಿನದಕ್ಕೆ ಹೋಗ್ಬೇಡ.” ಹಸಿರು ಅಂಕಿ ನನ್ನ ಪಾದದ ಜೊತೆ ಏರಿಳಿಯುತ್ತಿತ್ತು. ಅವರು ಅದನ್ನು ನೋಡುತ್ತಲೇ ಇರಲಿಲ್ಲ, ನನ್ನ ಮಂಡಿಯೇ ಅವರಿಗೆ ಸಾಕಾಗಿತ್ತು. ಆ ಮೂರು ದಿನ ಅವರು ಎಷ್ಟು ಖುಷಿಯಲ್ಲಿದ್ದರೆಂದರೆ, ಕ್ಷಮೆ ಕೇಳಬೇಕೆಂದು ಹೋದ ನಾನು ಮೂರು ದಿನವೂ ಟೀ ಕುಡಿದು ಬಂದೆ.

ಮದುವೆಯ ದಿನ ವೇದಿಕೆಯ ಮೇಲೆ ಮಾಸ್ಟ್ರು ಕುರ್ಚಿಯಲ್ಲಿ ಕುಳಿತರು. ಮುಂದೆ ಸಾಲಾಗಿ ಹೂಕುಂಡಗಳು, ಅವುಗಳ ಮರೆಯಲ್ಲಿ ಪಟ್ಟಿ ಸುತ್ತಿದ ಕಾಲು ಒಂದು ದಿಂಬಿನ ಮೇಲೆ. “ಎಡಗಾಲಲ್ಲಿ ಒತ್ತುತ್ತೀನಿ ಪುಟ್ಟಸ್ವಾಮಣ್ಣ,” ಎಂದು ಹೇಳಿದ್ದರು. ಅವನು ಅನುಮಾನದಿಂದಲೇ ಒಪ್ಪಿ, ಕೇಳಿ ನೋಡಲೆಂದು ಸಭಾಂಗಣದ ನಟ್ಟನಡುವೆ ಹೋಗಿ ನಿಂತ. ಗಿಟಾರಿನ ವೈರು ಕುರ್ಚಿಯ ಹಿಂದಿನ ಪರದೆಯ ಅಡಿಯಿಂದ ಒಳಕ್ಕೆ ಬಂದಿತ್ತು. ಮದುವೆಯವರು ಹಾಡು ಮಾತ್ರ ಸಾಕೆಂದಿದ್ದರಿಂದ ಅಂದು ನನ್ನ ಬಾಯಿಗೆ ಬಿಡುವು. ಅಲ್ಲಿ ಪೆಟ್ಟಿಗೆಯೊಂದಿಗೆ ನಾನು ಕೂತಿದ್ದೆ, ಚಪ್ಪಲಿ ಬಿಟ್ಟು. ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ ಕೂಡ. ಅಣಕವಿಲ್ಲದೆ ನಾನು ಮಾಡಿದ ಮೊದಲ ಅನುಕರಣೆ ಅದಿರಬೇಕು.

ಪರದೆಯ ಸೀಳಿನಿಂದ ಪುಟ್ಟಸ್ವಾಮಣ್ಣ ಕಾಣುತ್ತಿದ್ದ. ಕೈಕಟ್ಟಿ, ತಲೆ ಒಂದು ಕಡೆ ವಾಲಿಸಿ ಕಾಯುತ್ತಿದ್ದ. ಅವನನ್ನು ಕಂಡದ್ದೇ ನನ್ನ ಬುದ್ಧಿ ತನ್ನ ಹಳೆಯ ದಾರಿ ಹಿಡಿಯಿತು. ಮಾಸ್ಟ್ರು ಕಲಿಸಿದಂತೆ ಒತ್ತಿದರೆ ಅದು ಪಾಠದಂತೆ ಕೇಳಿಸುತ್ತದೆ, ಮಾಸ್ಟ್ರಂತೆ ಕೇಳಿಸುವುದಿಲ್ಲ. ಎರಡು ವರ್ಷದಿಂದ ಈ ಯಜಮಾನನ ಕಿವಿಗೆ ಅಭ್ಯಾಸವಾದ ಗಿಟಾರು ಬೇರೆಯೇ ಇತ್ತು. ಅಷ್ಟು ವೇದಿಕೆಗಳಲ್ಲಿ ಪಕ್ಕದಲ್ಲಿ ನಿಂತು ಕೇಳಿದ ನನ್ನ ತಲೆಯೊಳಗೆ ಅದು ಅಚ್ಚೊತ್ತಿ ಕೂತಿತ್ತು. ಇನ್ನೊಬ್ಬ ಮನುಷ್ಯನಾಗಿ ವೇದಿಕೆಯಲ್ಲಿ ನಿಲ್ಲಬೇಕಾದರೆ ಅವನ ಗುಣಕ್ಕಿಂತ ಅವನ ಐಬನ್ನು ಹಿಡಿಯಬೇಕು, ಇದು ಮಿಮಿಕ್ರಿಯ ಮೊದಲ ಸೂತ್ರ. ನಾನು ಮಂಡಿಯ ಮೇಲಿನ ಅಂಗೈಯನ್ನು ಮರೆತೆ. ನೆನಪಿನಲ್ಲಿದ್ದ ಕಾಲನ್ನು ನನ್ನ ಕಾಲಿಗೆ ತೊಡಿಸಿಕೊಂಡೆ.

ಮಾಸ್ಟ್ರು ಮೀಟಿದರು. ನಾನು ಪಾದ ಬಾಗಿಸಿದೆ. ಸ್ವರ ಏರಿತು, ಭಾಗೀರಥಿಯ ಬೆನ್ನಿಗೆ ಬಂತು, ಅವಳು ಹಾಡಿದಳು. ಮಾಸ್ಟ್ರ ಗಿಟಾರು ಎಲ್ಲಿ ತಟ್ಟನೆ ಜಾಸ್ತಿಯಾಗಿ ಗಾಬರಿಯಿಂದ ತಗ್ಗುತ್ತಿತ್ತೋ ಅಲ್ಲಿ ಹಾಗೆಯೇ, ಎಲ್ಲಿ ಸ್ವರ ಬಾರದೆ ಕಾಯಿಸುತ್ತಿತ್ತೋ ಅಲ್ಲಿ ಹಾಗೆಯೇ ಒತ್ತಿದೆ. ಅಂಕಿಯನ್ನು ನಾನು ನೋಡಲೇ ಇಲ್ಲ. ನನ್ನ ಜೀವಮಾನದಲ್ಲೇ ಅಷ್ಟು ಕರಾರುವಾಕ್ಕಾದ ಅನುಕರಣೆಯನ್ನು ನಾನು ಮಾಡಿರಲಿಲ್ಲ. ಹಾಡು ಮುಗಿದಾಗ ಹಿಮ್ಮಡಿ ಒತ್ತಿದೆ. ಪ್ರತಿಧ್ವನಿ ಮೂರು ಸಲ ಸುಳಿದು ಆರಿತು. ಸಭಾಂಗಣದ ನಡುವೆ ಪುಟ್ಟಸ್ವಾಮಣ್ಣ ಕಟ್ಟಿದ್ದ ಕೈ ಬಿಚ್ಚಿ, ಹೆಬ್ಬೆರಳೆತ್ತಿದ.

ಪರದೆಯ ಆಚೆಯಿಂದ ಮಾಸ್ಟ್ರ ದನಿ ಬಂತು, ಮೆಲ್ಲಗೆ.

“ಗಿಳಿ, ಸ್ವರ ತಡವಾಗಿ ಏಳ್ತಿದೆ ಕಣೋ. ಅರ್ಧ ಮಾತ್ರೆ ತಡ. ಯಾಕೆ? ನಾನು ಹೇಳ್ಕೊಟ್ಟಿದ್ದು ಹಾಗಲ್ವಲ್ಲ?”

ನಾನು ಉಬ್ಬಿಹೋಗಿದ್ದೆ. “ಗೊತ್ತು ಮಾಸ್ಟ್ರೇ. ಬೇಕಂತಲೇ. ಥೇಟ್ ನಿಮ್ಮ ಥರಾನೇ!”

ಆಡಿದ ಮೇಲೆ ಆ ಮಾತು ನನಗೇ ಕೇಳಿಸಿತು.

ಅವರ ಬೆನ್ನು ಅಲುಗಲಿಲ್ಲ. ವೇದಿಕೆಯ ಕೆಳಗೆ ವಧೂವರರ ಜೊತೆ ಫೋಟೋ ತೆಗೆಸಿಕೊಳ್ಳುವವರ ಸಾಲು ಮುಂದೆ ಸರಿಯಿತು. ಭಾಗೀರಥಿ ನೀರು ಕುಡಿದು ಲೋಟ ಕೆಳಗಿಟ್ಟಳು.

“ಯಾವಾಗ್ಲೂ ಹೀಗೇನಾ?”

ನಾನು ಬಗ್ಗಿ ಹಸಿರು ಅಂಕಿಯನ್ನು ನೋಡಿದೆ.

“ನನ್ಗೆ ಸರಿಯಾಗೇ ಕೇಳಿಸ್ತಿತ್ತಲ್ಲೋ,” ಎಂದರು, ಹೆಚ್ಚುಕಡಿಮೆ ತಮಗೆ ತಾವೇ. “ಮನಸ್ಸು ಮೊದ್ಲೇ ಹಾಡ್ಕೊಂಡು ಬಿಡ್ತಿತ್ತೇನೋ. ಕಾಲು ಬಂತೋ ಇಲ್ವೋ ಅಂತ ಯಾರು ಕಾಯ್ತಾರೆ.”

“ಮಾಸ್ಟ್ರೇ, ಮುಂದಿನ ಹಾಡಿಗೆ ನೀವು ಹೇಳ್ಕೊಟ್ಟ ಹಾಗೇ ಒತ್ತುತ್ತೀನಿ. ನಂಗೆ ಬರುತ್ತೆ. ಖಂಡಿತ ಬರುತ್ತೆ.”

“ಬೇಡ. ನೂರಕ್ಕೆ ಇಟ್ಟು ಕಾಲು ತೆಗಿ.”

ನಾನು ಪೆಡಲನ್ನು ಕೊನೆಯವರೆಗೆ ಒತ್ತಿ, ಅಂಕಿ ನೂರಕ್ಕೆ ನಿಂತದ್ದನ್ನು ನೋಡಿ, ಪಾದ ತೆಗೆದೆ. ಉಳಿದ ಏಳು ಹಾಡುಗಳನ್ನು ಅವರು ಬರೀ ಕೈಯಿಂದ ನುಡಿಸಿದರು. ಮೀಟಿದ ಪ್ರತಿ ಏಟೂ ಕೇಳಿಸುತ್ತಿತ್ತು. ಉಗುರು ತಂತಿಗೆ ತಾಗಿದ ಸದ್ದು, ಬೆರಳು ಜಾರಿದ ಸದ್ದು, ಅಷ್ಟು ವರ್ಷ ಆ ಕಾಲು ಮರೆಮಾಡಿಕೊಂಡು ಬಂದದ್ದೆಲ್ಲ ಬಯಲಿಗೆ ಬಂತು. ಕೈಗೂ ವಯಸ್ಸಾಗಿತ್ತು. ಭಾಗೀರಥಿ ಎರಡು ಸಲ ತಿರುಗಿ ನೋಡಿದಳು. ಬಂದ ನೆಂಟರಿಷ್ಟರು ಯಾರೂ ಗಮನಿಸಲಿಲ್ಲ. ಊಟದ ಮನೆಯ ಬಾಗಿಲು ತೆರೆದಿತ್ತು.

ಎಲ್ಲ ಮುಗಿದು, ಪುಟ್ಟಸ್ವಾಮಣ್ಣ ಕುರ್ಚಿಯ ಬಳಿ ಬಂದಾಗ ಮಾಸ್ಟ್ರೇ ಮೊದಲು ಮಾತಾಡಿದರು.

“ಮುಂದಿನ ಪ್ರೋಗ್ರಾಮಿಗೆ ಕೀಬೋರ್ಡಿನ ಹುಡುಗನ್ನ ಕರೀರಿ ಪುಟ್ಟಸ್ವಾಮಣ್ಣ.”

“ಅಯ್ಯೋ, ಯಾಕ್ ಮಾಸ್ಟ್ರೇ? ಆಮೇಲಿಂದೇನೋ ಒಂದ್ ಥರಾ ಒರಟಾಗಿತ್ತು, ನಿಜ. ಆದ್ರೆ ಆ ಮೊದಲ್ನೇ ಹಾಡು! ನಾನೇ ಮಧ್ಯದಲ್ಲಿ ನಿಂತು ಕೇಳ್ದೆ. ಮೊದಲಿಂದ ಹೆಂಗ್ ನುಡಿಸ್ತಿದ್ರೋ ಹಂಗೇ ಇತ್ತು. ಒಂದ್ ಕೂದಲೆಳೆ ವ್ಯತ್ಯಾಸ ಇಲ್ಲ.”

“ಅದಕ್ಕೇ,” ಎಂದರು ಮಾಸ್ಟ್ರು.

ಪುಟ್ಟಸ್ವಾಮಣ್ಣ ನನ್ನ ಮುಖ ನೋಡಿದ. ಇಂಥ ಹೊತ್ತಿನಲ್ಲಿ ಒಂದು ನಗೆಮಾತು ಬಿಟ್ಟು ಗಾಳಿ ಹಗುರ ಮಾಡುವುದು ನನ್ನ ಕೆಲಸವಾಗಿತ್ತು. ನಾನು ವೈರು ಸುತ್ತಿದೆ.

ಅವರೆಲ್ಲ ವ್ಯಾನಿನಲ್ಲಿ ಇನ್ನೊಂದು ಊರಿಗೆ ಹೋಗಬೇಕಿತ್ತು. ನಾನು ಮಾಸ್ಟ್ರನ್ನು ಕರೆದುಕೊಂಡು ನಾಲ್ಕು ಗಂಟೆಯ ಬಸ್ಸು ಹತ್ತಿದೆ. ಜನ ಕಡಿಮೆ. ಮೂವರು ಕೂರುವ ಸೀಟಿನಲ್ಲಿ ಅವರು ಕಿಟಕಿಗೆ ಬೆನ್ನು ಕೊಟ್ಟು ಒರಗಿದರು. ಪಟ್ಟಿ ಸುತ್ತಿದ ಕಾಲನ್ನು ಚಾಚಲು ಜಾಗ ಸಾಲದೆ ಹಿಂದೆಗೆಯುತ್ತಿದ್ದಾಗ ನಾನೇ ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

“ಛೆ, ಛೆ. ಕಾಲು ಕಣೋ,” ಎಂದರು.

“ಇರ್ಲಿ ಬಿಡಿ.”

ಊರು ದಾಟಿದ ಮೇಲೆ ನಾನು ಗಂಟಲು ಸರಿಮಾಡಿಕೊಂಡೆ. “ಮಾಸ್ಟ್ರೇ, ಅವತ್ತು ಕಾಲೇಜಿನಲ್ಲಿ, ಆ ಪೊರಕೆ ಹಿಡ್ಕೊಂಡು ನಾನು...”

ನನ್ನ ದನಿ ನನಗೇ ಅಪರಿಚಿತವಾಗಿತ್ತು. ಅದನ್ನು ಬಳಸಿ ಎಷ್ಟೋ ಕಾಲವಾಗಿತ್ತೆಂದು ತೋರುತ್ತದೆ.

“ಚೆನ್ನಾಗೇ ಮಾಡಿದ್ದೆ ಕಣೋ ಅದನ್ನ,” ಎಂದರು ಮಾಸ್ಟ್ರು. ಅದರಲ್ಲಿ ಕೊಂಕಿರಲಿಲ್ಲ, ಕ್ಷಮೆಯೂ ಇರಲಿಲ್ಲ. “ಸ್ವಲ್ಪ ಮಲಗ್ತೀನಿ.”

ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಬಾಯಿ ಅರೆತೆರೆದು ನಿಜವಾಗಿಯೂ ನಿದ್ದೆಹೋದರು. ಪಟ್ಟಿಯ ಹೊರಗೆ ಉಳಿದಿದ್ದ ಹೆಬ್ಬೆರಳನ್ನು ನಾನು ಮೆಲ್ಲಗೆ ಒತ್ತಿದೆ, ಆಮೇಲೆ ತುಸು ಗಟ್ಟಿಯಾಗಿ. ಅದು ತಣ್ಣಗಿತ್ತು. ಅವರು ಅಲುಗಲಿಲ್ಲ. ಇಳಿಬಿಸಿಲು ಬಸ್ಸಿನ ಒಳಗೆಲ್ಲ ಹರಡಿತ್ತು, ಮುಂದಿನ ಸೀಟಿನ ಕಬ್ಬಿಣದ ಸರಳು ಅವರ ಪಾದಕ್ಕೆ ನಾಲ್ಕೇ ಬೆರಳಿನ ದೂರದಲ್ಲಿತ್ತು. ನಾನು ಎರಡೂ ಅಂಗೈಗಳನ್ನು ಹಿಮ್ಮಡಿಯ ಕೆಳಗಿಟ್ಟು, ಡ್ರೈವರನ ಭುಜದ ಮೇಲಿಂದ ರಸ್ತೆಯನ್ನು ನೋಡುತ್ತ ಕೂತೆ. ದೂರದಲ್ಲಿ ಒಂದು ಗುಂಡಿ ಕಂಡಾಗಲೆಲ್ಲ, ಬಸ್ಸು ಅದಕ್ಕೆ ಇಳಿಯುವ ಮುಂಚೆಯೇ, ನನ್ನ ಕೈಗಳು ಆ ಕಾಲನ್ನು ಮೇಲಕ್ಕೆತ್ತಿರುತ್ತಿದ್ದವು.